ತಾಟಿನ ಅಂಚಿಗೆ ಒಂದು ಎಳೆ

ಗುಳ್ಳೆ ಹುಟ್ಟುತ್ತಿವೆ, ಡಬರಿಯ ತಳದಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣವು, ಹುಟ್ಟಿದಲ್ಲೇ ಅಂಟಿಕೊಂಡು ಕೂತಿವೆ, ಒಂದೂ ಮೇಲೇಳುತ್ತಿಲ್ಲ — ಏಳುತ್ತವೆ, ಏಳದೆ ಎಲ್ಲಿಗೆ ಹೋಗುತ್ತವೆ, ಒಲೆ ಹತ್ತಿಸಿ ಇನ್ನೂ ಎಷ್ಟು ಹೊತ್ತಾಯಿತು, ಎಂದು ಸೌಂದರ್ಯಾ ಮನಸ್ಸಿನಲ್ಲೇ ಅಂದುಕೊಂಡಳು, ಅಂದುಕೊಳ್ಳುತ್ತಿರುವಾಗಲೇ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಬಂದು ಕೂತಿತು, ಬಲಕ್ಕೆ, ಪಕ್ಕೆಲುಬಿನ ಕೆಳಗೆ, ಅದು ದಿನಾ ಕಾಲು ಚಾಚುವ ಜಾಗದಲ್ಲಿ. ಏನೂ ಇಲ್ಲ. ಮುಂಜಾನೆಯಿಂದ ಏನೂ ಇಲ್ಲ. ದಿನಾ ಚಹಾದ ಕಪ್ಪು ಕೆಳಗಿಡುವುದರೊಳಗೆ ಒಂದು ಸಲ ಒದ್ದು ಹಾಜರಿ ಹಾಕುವ ಕೂಸು, ಎಂಟನೆಯ ತಿಂಗಳಿಗೆ ಕಾಲಿಟ್ಟ ಕೂಸು, ಇವತ್ತು ಚಹಾಕ್ಕೂ ಏಳಲಿಲ್ಲ, ರೊಟ್ಟಿಗೂ ಏಳಲಿಲ್ಲ, ಮಧ್ಯಾಹ್ನ ಇಳಿಯಲು ಬಂತು — ನಿದ್ದೆ ಮಾಡುತ್ತಿದೆ, ಕೂಸುಗಳು ಒಳಗೂ ನಿದ್ದೆ ಮಾಡುತ್ತವಂತೆ, ಡಾಕ್ಟರಬಾಯಿಯೇ ಹೇಳಿದ್ದಾರೆ, ಡಾಕ್ಟರಬಾಯಿ ಇನ್ನೂ ಒಂದು ಹೇಳಿದ್ದಾರೆ, ಅದನ್ನು ಈಗ ನೆನೆಯುವುದು ಬೇಡ, ಮೊದಲು ನೀರು ಕುದಿಯಲಿ. ಬೆಲ್ಲ ತಿಂದು ನೋಡಿದ್ದಾಯಿತು, ತಣ್ಣೀರು ಕುಡಿದು ನೋಡಿದ್ದಾಯಿತು, ಎಡಮಗ್ಗುಲಿಗೆ ಮಲಗಿ ನೋಡಿದ್ದೂ ಆಯಿತು, ಅತ್ತೆ ಶೆಟ್ಟೆವ್ವ ಬಾಗಿಲ ಮುಂದೆ ಹಾದುಹೋಗುವಾಗ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ನಟಿಸಿದ್ದೂ ಆಯಿತು. ಯಾರಿಗೂ ಹೇಳಿಲ್ಲ. ಹೇಳಬಾರದು. ಹೇಳಿದರೆ ನಿಜವಾಗಿಬಿಡುತ್ತದೆ, ಹೋದ ಸಲ ಹಾಗೇ ಆಯಿತು — ಬಿ.ಎಸ್ಸಿ. ಓದಿದವಳು, ಮಾತಿಗೂ ಗರ್ಭಕ್ಕೂ ಏನು ಸಂಬಂಧ ಎಂದು ಬೇರೆಯವರ ವಿಷಯಕ್ಕಾದರೆ ನಗುವವಳು, ಆದರೂ ಅವಳಿಗೆ ಗೊತ್ತು. ಅದಕ್ಕೇ ಈಗ ಸ್ಪಗೆಟ್ಟಿ. ಬೆಲ್ಲಕ್ಕೆ ಏಳದ್ದು ಸ್ಪಗೆಟ್ಟಿಗೆ ಎದ್ದೇ ಏಳುತ್ತದೆ, ಇಲ್ಲಿಯವರೆಗೆ ಒಮ್ಮೆಯೂ ತಪ್ಪಿಸಿಲ್ಲ, ಆದರೆ ಮಾಡುವ ರೀತಿಯಲ್ಲೇ ಮಾಡಬೇಕು, ಒಂದನ್ನೂ ಬಿಡಬಾರದು, ಇವತ್ತಂತೂ ಬಿಡಬಾರದು.

ಇಂಡಿ ಊರಿನ ಈ ಮನೆಗೆ ಇದು ಬಂದದ್ದೇ ಒಂದು ತಮಾಷೆ. ತಂದವನು ಪ್ರೇಮಕುಮಾರ, ಅವಳ ಗಂಡ, ಆಲಮಟ್ಟಿಯಲ್ಲಿ ಕರೆಂಟು ತಯಾರಾಗುವ ಕಡೆ ಪಾಳಿಯ ಕೆಲಸ, ರವಿವಾರ ಬಿಡುವು ಸಿಕ್ಕರೆ ಸಾಕು ಇಂಡಿಗೆ ಓಡಿ ಬರುವವನು — ಹೋದ ಸಲದ್ದೆಲ್ಲ ಮುಗಿದು ಅವಳು ಉಣ್ಣುವುದನ್ನೇ ಬಿಟ್ಟಿದ್ದ ದಿನಗಳವು, ತುತ್ತು ಬಾಯಿಗಿಟ್ಟರೆ ಗಂಟಲು ಮುಚ್ಚಿಕೊಳ್ಳುತ್ತಿತ್ತು, ಮೊಲೆಹಾಲು ಮಾತ್ರ ಯಾರಿಗೆಂದು ಗೊತ್ತಿಲ್ಲದೆ ಬರುತ್ತಿತ್ತು, ಅವನು ಸೋಲಾಪುರದ ದೊಡ್ಡ ಅಂಗಡಿಯಲ್ಲಿ ಈ ಪಾಕೀಟು ಕಂಡು, ಏನ್ ಚಲೋ ಶಾವಿಗಿ ಅದಾವ್ ನೋಡು, ಹೆಂಗ ಸೀದಾ ಉದ್ದಕ ಅದಾವು, ಎಂದು ಹಿಗ್ಗಿನಿಂದ ತಂದಿಟ್ಟ, ಶೆಟ್ಟೆವ್ವ ಅದನ್ನು ಶಾವಿಗೆಯ ಹಾಗೇ ಕುದಿಸಿ, ಬಸಿದು, ಮೇಲೆ ಹಾಲು ಬೆಲ್ಲ ತುಪ್ಪ ಸುರಿದು ಎಲ್ಲರ ಮುಂದೆ ಇಟ್ಟಳು. ಅಗಿದರು, ಅಗಿದರು, ನುಂಗಲು ಯಾರಿಗೂ ಧೈರ್ಯವಿಲ್ಲ. ಏ ಪ್ರೇಮ್ಯಾ, ಶಾವಿಗಿ ತಂದೀಯೋ, ಸೈಕಲ್ಲಿನ ಟ್ಯೂಬ್ ತಂದೀಯೋ, ಎಂದು ಶೆಟ್ಟೆವ್ವ ಬಾಯಿಯಿಂದ ಒಂದು ಎಳೆ ಎಳೆದು ಹಿಡಿದು ಕೇಳಿದಳು, ಸೌಂದರ್ಯಾ ನಕ್ಕಳು, ಎಷ್ಟೋ ವಾರಗಳ ಮೇಲೆ ನಕ್ಕಳು, ನಗುತ್ತ ನಗುತ್ತ ಅತ್ತಳು, ಅತ್ತು ಮುಗಿದ ಮೇಲೆ ಹಸಿವಾಯಿತು. ಮರುವಾರ ಫೋನಿನಲ್ಲಿ ನೋಡಿ ಸರಿಯಾಗಿ ಮಾಡಲು ಕಲಿತಳು, ಫೋನು ಹೇಳಿದ್ದರಲ್ಲಿ ಅರ್ಧ ಬಿಟ್ಟು ತನ್ನದು ಅರ್ಧ ಸೇರಿಸಿದಳು. ಚೀಸ್ ಬೇಡ, ಅದನ್ನೂ ಒಮ್ಮೆ ತಂದಿದ್ದ, ಡಬ್ಬಿ ತೆರೆದ ಕೂಡಲೇ ಶೆಟ್ಟೆವ್ವ ಮೂಗು ಮುಚ್ಚಿ, ಯಾರರ ಬೂಟು ಬಿಚ್ಚಿದ್ರೇನ, ಎಂದಳು, ಅದರ ಬದಲಿಗೆ ಶೇಂಗಾ ಹಿಂಡಿ, ಖಾರ ಹಾಕಿ ಕುಟ್ಟಿದ ಚಟ್ನಿಪುಡಿ. ಎಣ್ಣೆ ಕುಸುಬಿಯದೇ ಆಗಬೇಕು. ಬೆಳ್ಳುಳ್ಳಿ ಹೆಚ್ಚಬಾರದು, ಲೋಟದ ತಳದಿಂದ ಜಜ್ಜಬೇಕು. ಎಳೆಗಳನ್ನು ಮುರಿಯಬಾರದು, ಏನೇ ಆಗಲಿ ಮುರಿಯಬಾರದು. ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ. ಉಣ್ಣುವುದು ಮುದ್ದೇಬಿಹಾಳದ ತವರಿನಿಂದ ಬಂದ ತಾಟಿನಲ್ಲಿ, ಅಂಚಿಗೆ ಅವಳ ಹೆಸರು ಕೊರೆದ ಸ್ಟೀಲಿನ ತಾಟು. ಬಸುರಾಗಿ ಹೊಟ್ಟೆ ಮುಂದೆ ಬಂದ ಮೇಲೆ ಆ ತಾಟಿಗೆ ಹೊಸ ಜಾಗ ಸಿಕ್ಕಿತು, ಪಡಸಾಲೆಯ ಗೋಡೆಗೆ ಒರಗಿ ಕಾಲು ಚಾಚಿ ಕೂತು ತಾಟನ್ನು ಹೊಟ್ಟೆಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದಳು, ಒಂದು ರವಿವಾರ ಹಾಗೆ ಉಣ್ಣುತ್ತಿದ್ದಾಗ ತಾಟಿನ ಅಂಚಿನಿಂದ ಹೊರಗೆ ಜೋತುಬಿದ್ದ ಒಂದು ಎಳೆ ಪಟ್ಟನೆ ಕುಣಿಯಿತು. ಅವಳಿಗಿಂತ ಮೊದಲು ನೋಡಿದವನು ಪ್ರೇಮಕುಮಾರ. ಏ ಏ, ಅಲ್ಲಿ ನೋಡು, ಎಳಿ ಕುಣಿಯಾಕತ್ತೈತಿ, ಅದಕ್ಕೂ ಬೇಕಂತ. ಆಮೇಲೆ ಪ್ರತಿ ರವಿವಾರ ಬೇಕೆಂದೇ ಒಂದು ಎಳೆಯನ್ನು ಅಂಚಿಗೆ ಇಳಿಬಿಟ್ಟು ಇಬ್ಬರೂ ಕಾಯುತ್ತಿದ್ದರು, ಅದು ಕುಣಿಯುತ್ತಿತ್ತು.

ಇವತ್ತು ರವಿವಾರ ಅಲ್ಲ. ಅಲ್ಲದಿದ್ದರೇನಾಯಿತು, ಹೊಟ್ಟೆಯೊಳಗಿನದಕ್ಕೆ ವಾರ ಗೊತ್ತೇ — ನೀರು ಕುದಿಯಿತು, ಕುದಿಯಿತು, ತಳದ ಗುಳ್ಳೆಗಳೆಲ್ಲ ಒಮ್ಮೆಗೇ ಮೇಲೆದ್ದು ಒಡೆಯುತ್ತಿವೆ, ಹೊಟ್ಟೆಯಲ್ಲಿ ಮೊದಮೊದಲು ಹೀಗೇ ಆಗುತ್ತಿತ್ತು, ಒಳಗೆಲ್ಲೋ ಗುಳ್ಳೆ ಒಡೆದ ಹಾಗೆ, ಅದೇ ಕೂಸೆಂದು ತಿಳಿಯಲು ಅವಳಿಗೆ ವಾರ ಹಿಡಿಯಿತು. ಉಪ್ಪು. ಮುಷ್ಟಿ ತುಂಬ ಉಪ್ಪು, ಸೌಟಿನಲ್ಲಿ ನೀರು ತೆಗೆದು ಆರಿಸಿ ನಾಲಿಗೆಗೆ ಮುಟ್ಟಿಸಿ ನೋಡುವುದು, ಇದಕ್ಕೆ ಶೆಟ್ಟೆವ್ವನದು ಇವತ್ತಿಗೂ ತಕರಾರು, ಶಾವಿಗಿ ನೀರಿಗೆ ಉಪ್ಪು ಹಾಕೂ ಮಂದಿನ್ನ ನಾ ನಿನ್ನ ಒಬ್ಬಾಕಿನ್ನ ನೋಡಿದ್ದು ಬಿಡು. ಕಟ್ಟು ಬಿಚ್ಚಿ ಎಳೆಗಳನ್ನು ಡಬರಿಯಲ್ಲಿ ನಿಲ್ಲಿಸಿದಳು, ಅರ್ಧ ನೀರಿನಲ್ಲಿ, ಅರ್ಧ ಹೊರಗೆ, ಹೊರಗಿನವು ಕೋಲಿನ ಹಾಗೆ ಸೆಟೆದು ನಿಂತಿವೆ. ಪ್ರೇಮಕುಮಾರ ಆದರೆ ಎರಡೂ ಕೈಯಲ್ಲಿ ಹಿಡಿದು ಕಟಕ್ಕನೆ ಮುರಿದು ಹಾಕುತ್ತಾನೆ, ಹೊಟ್ಟಿಯಾಗ ಹೋದ ಮ್ಯಾಲೆ ಎಲ್ಲಾ ತುಂಡ ಅಲ್ಲೇನ, ಎನ್ನುತ್ತಾನೆ, ಆ ಕಟಕ್ ಸದ್ದು ಅವಳಿಗೆ ಆಗುವುದಿಲ್ಲ. ಕಾಯಬೇಕು, ತಾವಾಗಿ ಮೆತ್ತಗಾಗಿ ತಾವಾಗಿ ಬಗ್ಗಿ ಒಳಗೆ ಇಳಿಯುತ್ತವೆ, ಸೌಟಿನಿಂದ ಒತ್ತಬಾರದು — ಹೋದ ಸಲವೂ ಕಾದರು. ಹೋದ ಸಲವೂ ಹೀಗೇ ಒಂದು ದಿನ, ಸಂಜೆ ಮುಂದೆ, ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆಯ ಹತ್ತಿರ ಹೋಗಿ, ಅತ್ತಿ, ಇದ್ಯಾಕೋ ಮುಂಜಾನಿಂದ ಅಲುಗವಲ್ದ್ರಿ, ಎಂದಿದ್ದಳು. ಮೊರ ಅಲ್ಲೇ ನಿಂತಿತು. ಬಿಡ್ತು ಅನ್ನು. ಮೊದಲ ಬಿಡ್ತು ಅನ್ನು, ಮುಚ್ಚಂಜಿ ಹೊತ್ತಿನ್ಯಾಗ ಅಂಥಾ ಮಾತು ಬಾಯಾಗ ಬರಬಾರದು. ಬಿಡ್ತು, ಎಂದಳು ಸೌಂದರ್ಯಾ. ಎರಡು ಸಲ ಅನ್ನು. ಬಿಡ್ತು ಬಿಡ್ತು. ಶೆಟ್ಟೆವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು, ದೃಷ್ಟಿ ತೆಗೆದಳು, ನಾಳಿ ಮುಂಜಾನಿ ದವಾಖಾನಿಗಿ ಹೋಗೂಣು ಎಂದಳು, ಮರುದಿನ ಮುಂಜಾನೆ ಹೋದರು. ಡಾಕ್ಟರಬಾಯಿ ಹೊಟ್ಟೆಯ ಮೇಲೆ ಮಷೀನು ಆಡಿಸಿದರು, ಆಡಿಸಿದರು, ಆಮೇಲೆ ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಹೊಟ್ಟೆಯ ಜೆಲ್ಲಿ ಒರೆಸುತ್ತ ನರ್ಸಮ್ಮ ತನ್ನಷ್ಟಕ್ಕೆ, ನಿನ್ನೇನ ಬಂದಿದ್ರ, ಎಂದಳು. ಅಷ್ಟೇ, ಬಟ್ಟೆ ಹಿಂಡಲು ಹೊರಟುಹೋದಳು.

ನಿನ್ನೇನ ಬಂದಿದ್ರ. ಹಾಗಾದರೆ ತಪ್ಪಾದದ್ದು ಹೇಳಿದ್ದಕ್ಕೋ, ಹೇಳಿಯೂ ಹೋಗದೆ ಇದ್ದದ್ದಕ್ಕೋ, ಇದನ್ನು ಅವಳು ಒಂದೂವರೆ ವರ್ಷದಿಂದ ಅರೆಯುತ್ತಲೇ ಇದ್ದಾಳೆ, ಅರೆದಷ್ಟೂ ಮುಗಿಯುತ್ತಿಲ್ಲ. ಡಾಕ್ಟರಬಾಯಿ ಈ ಸಲ ಮೊದಲೇ ಹೇಳಿಟ್ಟಿದ್ದಾರೆ, ಅದೇ ಆ ಇನ್ನೊಂದು ಮಾತು, ನೆನೆಯುವುದು ಬೇಡವೆಂದರೂ ಬಂದೇ ಬಂತು, ಒಪ್ಪೊತ್ತು ಅಲುಗಲಿಲ್ಲಂದ್ರ ಏನರ ತಿಂದು ಎಡಮಗ್ಗಲಕ ಮಲಗಿ ನೋಡು, ಆಗಲೂ ಅಲುಗಲಿಲ್ಲಂದ್ರ ಯಾರನ್ನೂ ಕೇಳಾಕ ಹೋಗಬ್ಯಾಡ, ಸೀದಾ ಬಾ. ಏನಾದರೂ ತಿಂದು ಎಂದಿದ್ದಾರೆ, ಅದನ್ನೇ ಮಾಡುತ್ತಿದ್ದೇನಲ್ಲ, ತಿನ್ನುವುದಕ್ಕೇ ಮಾಡುತ್ತಿದ್ದೇನಲ್ಲ, ಇದು ಹೊಟ್ಟೆಗಿಳಿದ ಮೇಲೆ ನೋಡಿದರಾಯಿತು — ಬೆಲ್ಲವೂ ತಿನ್ನುವುದೇ ಆಗಿತ್ತಲ್ಲವೇ ಎಂದು ಒಳಗಿಂದ ಯಾರೋ ಕೇಳಿದರು, ಅವಳು ಕೇಳಿಸಿಕೊಳ್ಳಲಿಲ್ಲ. ಹಿತ್ತಲಿನಿಂದ ಶೆಟ್ಟೆವ್ವನ ದನಿ, ಪಕ್ಕದ ಮನೆಯ ರೋಷನಬಿಯ ಜೊತೆ ಗೋಡೆಯ ಮೇಲಿಂದ ಮಾತು, ದಿನಾ ಈ ಹೊತ್ತಿಗೆ ಊರಿನ ಸುದ್ದಿಯೆಲ್ಲ ಆ ಗೋಡೆ ದಾಟುತ್ತದೆ, ಇವತ್ತು ಯಾಕೋ ದನಿ ಸಣ್ಣಗಿದೆ, ಪಿಸುಮಾತಿನ ಹಾಗಿದೆ, ಯಾರದೋ ಮನೆಯ ಗುಟ್ಟು ಇರಬೇಕು, ಇರಲಿ. ಮುಂಜಾನೆ ಮುದ್ದೇಬಿಹಾಳದಿಂದ ಅವ್ವನ ಫೋನು ಬಂದಿತ್ತು, ಹೆಂಗೈತವ್ವಾ ಕೂಸು? ಆರಾಮ ಐತೆವ್ವಾ. ಒದೀತೈತಿ? ಹೂಂ, ಒದೀತೈತಿ. ಸುಳ್ಳು ಹೇಳಿದಳು, ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಪ್ರೇಮಕುಮಾರ ಪಾಳಿಯಲ್ಲಿದ್ದಾನೆ, ಒಳಗೆ ಹೋದರೆ ಫೋನು ಹೊರಗೇ ಇಟ್ಟು ಹೋಗಬೇಕು, ಸಂಜೆ ಹೊರಗೆ ಬಂದವನೇ ಮೊದಲು ಕೇಳುವುದು ಅದನ್ನೇ, ಏನಂತಾನ ನಮ್ಮ ಸಾಹೇಬ, ಗಂಡೋ ಹೆಣ್ಣೋ ಗೊತ್ತಿಲ್ಲದೆ ಸಾಹೇಬ, ಒಂದು ದಿನ ಸಾಹೇಬ ಒಂದು ದಿನ ಬಾಯಿಸಾಹೇಬ. ಅವನಿಗೆ ಏನು ಹೇಳಲಿ. ಎಳೆಗಳು ಬಗ್ಗುತ್ತಿವೆ, ಒಂದೊಂದೇ ಡಬರಿಯ ಗೋಡೆಗೆ ಒರಗಿ ಒಳಗೆ ಜಾರುತ್ತಿವೆ. ಅವ್ವ ಶಾವಿಗೆ ಮಾಡುತ್ತಿದ್ದದ್ದು ಬೇಸಿಗೆಯಲ್ಲಿ, ಮಣೆಯ ಮೇಲೆ ಹಿಟ್ಟು ಉಜ್ಜಿ ಉಜ್ಜಿ ಎಳೆ ಎಳೆದು ಕೋಲಿನ ಮೇಲೆ ಹಾಕುತ್ತಿದ್ದಳು, ಕೋಲಿನ ಎರಡೂ ಬದಿಗೆ ಹಸಿ ಎಳೆಗಳು ಜೋತಾಡುತ್ತಿದ್ದವು, ನೂಲಿಗಿಂತ ಸಣ್ಣವು, ಅವನ್ನು ಹತ್ತಿರದಿಂದ ನೋಡಬೇಕೆಂದು ಸೌಂದರ್ಯಾ ಮೂಗು ತಾಗಿಸುವಷ್ಟು ಸಮೀಪ ಹೋಗುತ್ತಿದ್ದಳು, ದೂರ ನಿಲ್ಲು, ಉಸುರು ಬಿಡಬ್ಯಾಡ ಅದರ ಮುಂದ, ಹರೀತಾವು, ಎನ್ನುತ್ತಿದ್ದಳು ಅವ್ವ. ಆಗ ಉಸಿರು ಹಿಡಿದು ನೋಡುತ್ತಿದ್ದಳು. ಉಸಿರು ಹಿಡಿದರೂ ಎಳೆ ಸಣ್ಣಗೆ ಅಲುಗುತ್ತಿತ್ತು, ಗಾಳಿಯೇ ಇರುತ್ತಿರಲಿಲ್ಲ, ಆದರೂ ಅಲುಗುತ್ತಿತ್ತು.

ಬೆಳ್ಳುಳ್ಳಿ. ಲೋಟದಿಂದ ಜಜ್ಜಿದಳು, ಸಿಪ್ಪೆ ಬಿಟ್ಟುಕೊಂಡಿತು, ಬಾಂಡಲೆಯಲ್ಲಿ ಕುಸುಬಿ ಎಣ್ಣೆ, ಉರಿ ಸಣ್ಣದು, ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬರಬೇಕು, ಕೆಂಪಗಾಗಬಾರದು, ಕೆಂಪಗಾದರೆ ಕಹಿ. ಬೇರೆ ದಿನವಾದರೆ ಈ ಹೊತ್ತಿಗೆ ಹೊಟ್ಟೆಯ ಜೊತೆ ಹರಟೆ ಶುರುವಾಗಿರುತ್ತಿತ್ತು, ಬೆಳ್ಳೊಳ್ಳಿ ವಾಸನಿ ಬಂತೇನ, ತಡಿ ಇನ್ನ ಒಗ್ಗರಣಿ ಆಗಬೇಕು, ನಿಮ್ಮಜ್ಜಿ ಬಂದು ಬೈಯೂದ್ರೊಳಗ ಮುಗಸೂಣು, ಒಳಗಿನಿಂದ ಹೌದು ಎಂಬ ಹಾಗೆ ಒಂದು ಒದೆ, ಅಲ್ಲ ಎಂಬ ಹಾಗೆ ಇನ್ನೊಂದು. ಈಗ ಮಾತು ಬರುತ್ತಿಲ್ಲ. ಕರೆದರೆ ಓ ಎನ್ನದಿದ್ದರೆ ಎಂಬ ಭಯಕ್ಕೆ ಕರೆಯುತ್ತಲೇ ಇಲ್ಲ. ಒಣಮೆಣಸಿನಕಾಯಿ ಮುರಿದು ಹಾಕಿದಳು, ಘಾಟು ಎದ್ದಿತು, ಕೆಮ್ಮು ಬಂತು, ಹೊಟ್ಟೆ ಕುಲುಕಿತು — ಅದಲ್ಲ, ಅದು ಕೆಮ್ಮು, ತಾನೇ ಕುಲುಕಿದ್ದು, ಮೋಸ ಹೋಗಬಾರದು. ಟೊಮ್ಯಾಟೊ ಕೈಯಲ್ಲೇ ಹಿಚುಕಿ ಹಾಕಿದಳು, ಚುಂಯ್ ಎಂದಿತು. ಈಗ ಎಳೆ ಬೆಂದಿತೋ ಇಲ್ಲವೋ ನೋಡಬೇಕು, ಫೋನಿನವರು ಗೋಡೆಗೆ ಎಸೆದು ನೋಡುತ್ತಾರೆ, ಅಂಟಿಕೊಂಡರೆ ಬೆಂದಿತು ಅಂತ, ಅವಳೂ ಒಮ್ಮೆ ಎಸೆದಿದ್ದಳು, ಉಣ್ಣೂ ಅನ್ನಾನ ಗ್ವಾಡಿಗಿ ಒಗೀತಾರೇನ ಯವ್ವಾ, ನಮ್ಮಂದಿ ಒಂದ ತುತ್ತಿಗಿ ಎಷ್ಟ್ ಬಡದಾಡ್ಯಾರ, ಎಂದು ಶೆಟ್ಟೆವ್ವ ಆ ಎಳೆಯನ್ನು ಗೋಡೆಯಿಂದ ಬಿಡಿಸಿ ತೊಳೆದು ತಿಂದಿದ್ದಳು, ಆಮೇಲೆ ಅವಳು ಎಸೆಯುವುದು ಬಿಟ್ಟು ಕಚ್ಚಿ ನೋಡುವುದು ಹಿಡಿದಳು. ಕಚ್ಚಿದ ತುದಿಯಲ್ಲಿ, ನಡುವೆ, ಒಂದು ಬಿಳಿ ಚುಕ್ಕೆ ಕಾಣುತ್ತದೆ, ಸೂಜಿಮೊನೆಯಷ್ಟು, ಆ ಚುಕ್ಕೆ ಇರುವಾಗಲೇ ಇಳಿಸಬೇಕು, ಚುಕ್ಕೆ ಹೋಯಿತೋ ರುಚಿ ಹೋಯಿತು. ಈ ಕೂಸೆಂದು ಮೊದಲ ಸಲ ಪರದೆಯಲ್ಲಿ ತೋರಿಸಿದ್ದೂ ಇಂಥದೇ ಒಂದು ಬಿಳಿ ಚುಕ್ಕೆ, ಮಿಣುಕುತ್ತಿತ್ತು, ಅದ ನೋಡವಾ ಎದಿ, ಬಡಕೊಳ್ಳಾಕತ್ತೈತಿ, ಎಂದಿದ್ದರು ಡಾಕ್ಟರಬಾಯಿ. ಒಂದು ಎಳೆ ತೆಗೆದಳು, ಊದಿದಳು, ಕಚ್ಚಿದಳು, ಕಿಟಕಿಯ ಬೆಳಕಿಗೆ ಹಿಡಿದಳು. ಚುಕ್ಕೆ ಇಲ್ಲ. ಇನ್ನೊಂದು ತೆಗೆದಳು. ಇಲ್ಲ. ಬೆಂದು ಹೋಗಿದೆ, ಹೆಚ್ಚಾಗಿ ಹೋಗಿದೆ, ಯಾವಾಗ ಆಯಿತು, ಇಲ್ಲೇ ನಿಂತಿದ್ದೆನಲ್ಲ, ಮುಂದೆಯೇ ನಿಂತು ನೋಡುತ್ತಿದ್ದೆನಲ್ಲ, ನೋಡುತ್ತ ನಿಂತವಳ ಕಣ್ಣೆದುರೇ ಹೋಗುತ್ತದೆ, ನಿನ್ನೇನ ಬಂದಿದ್ರ — ಡಬರಿ ಎತ್ತಿದಳು, ಬಿಸಿನೀರು ಬೆರಳ ಮೇಲೆ ಚೆಲ್ಲಿತು, ಉರಿಯಲಿಲ್ಲ. ಬಸಿದಳು. ಕಲಸುವುದಕ್ಕೆಂದು ಒಂದು ಲೋಟ ನೀರು ತೆಗೆದಿಟ್ಟುಕೊಳ್ಳಬೇಕಿತ್ತು, ಅದೂ ಮರೆತಳು, ನೀರೆಲ್ಲ ಬಚ್ಚಲಿಗೆ ಹೋಯಿತು. ಎರಡು ತಪ್ಪಿದವು. ತಪ್ಪಿದರೂ ನಡೆಯುತ್ತದೆ, ಕೂಸಿಗೇನು ಗೊತ್ತು ಚುಕ್ಕೆ, ಬಿಸಿ ಇದ್ದರೆ ಸಾಕು, ಕಲಸಿದಳು, ಹಿಂಡಿ ಉದುರಿಸಿದಳು, ಒಲೆ ಆರಿಸಿ ನಿಂಬೆ ಹಿಂಡಿದಳು, ಬೀಜ ತೆಗೆಯಲಿಲ್ಲ.

ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು, ಅದನ್ನು ಬಂದ್ ಮಾಡಿದಳು. ಗೂಡಿನಲ್ಲಿ ಬುದ್ಧನ ಸಣ್ಣ ಮೂರ್ತಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದಾನೆ, ಅವನಿಗೂ ಹೇಳಲಿಲ್ಲ, ದಿನಾ ಕೈ ಮುಗಿಯುವವಳು ಇವತ್ತು ಆ ಕಡೆ ನೋಡಲೂ ಇಲ್ಲ, ನೋಡಿದರೆ ಬೇಡಬೇಕಾಗುತ್ತದೆ, ಬೇಡಿದರೆ ಏನೋ ಆಗಿದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಗೋಡೆಗೆ ಒರಗಿ, ಕಾಲು ಚಾಚಿ, ತಾಟನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಎಳೆಯನ್ನು ಬೆರಳಿಗೆ ಸುತ್ತಿ ಬಾಯಿಗಿಟ್ಟಳು, ಮೆತ್ತಗೆ, ಹಿಟ್ಟಿನ ಹಾಗೆ, ಆದರೂ ನುಂಗಿದಳು, ಇನ್ನೊಂದು ತುತ್ತು, ಇನ್ನೊಂದು, ರುಚಿ ಗೊತ್ತಾಗುತ್ತಿಲ್ಲ, ತುತ್ತು ಇಳಿಯುತ್ತಿಲ್ಲ, ಆ ದಿನಗಳ ಹಾಗೇ ಇಳಿಯುತ್ತಿಲ್ಲ, ಆದರೂ ನೂಕಿದಳು, ನಿನ್ನ ಸಲುವಾಗಿ, ಉಣ್ಣು ನನ್ನಪ್ಪಾ, ಉಣ್ಣು ನನ್ನವ್ವಾ. ಒಂದು ಉದ್ದನೆಯ ಎಳೆ ಆರಿಸಿ ತಾಟಿನ ಅಂಚಿಗೆ ಇಳಿಬಿಟ್ಟಳು, ತನ್ನ ಹೆಸರು ಕೊರೆದ ಜಾಗದಲ್ಲಿ. ಎಳೆ ಜೋತುಬಿದ್ದಿತು. ತುದಿಯಲ್ಲಿ ಎಣ್ಣೆಯ ಒಂದು ಕೆಂಪು ಹನಿ. ಎಳೆ ಹಿಂದೆ ಮುಂದೆ ತೂಗುತ್ತಿದೆ — ಉಸಿರು, ಅವಳ ಉಸಿರಿಗೆ ಹೊಟ್ಟೆ ಏರಿಳಿಯುತ್ತದೆ, ಅದಕ್ಕೆ ತೂಗುತ್ತಿದೆ, ಉಸಿರು ಹಿಡಿದಳು, ಎಳೆ ನಿಂತಿತು. ಪೂರ್ತಿ ನಿಂತಿತು. ಕಿವಿಯಲ್ಲಿ ತನ್ನದೇ ಎದೆಯ ಸದ್ದು. ಎದೆ ಉರಿಯುವವರೆಗೆ ಹಿಡಿದಳು, ಬಿಟ್ಟಳು, ಎಳೆ ತೂಗಿತು, ಮತ್ತೆ ಹಿಡಿದಳು, ಎಳೆ ನಿಂತಿತು. ಕುಣಿ. ಒಂದ ಸಲ ಕುಣಿ, ಆಮ್ಯಾಲೆ ಬೇಕಾದ್ರ ದಿನಾ ಪೂರ್ತಿ ಮಲಕೊ, ನಾ ಏನೂ ಅನ್ನೂದಿಲ್ಲ. ಎಳೆ ನಿಂತೇ ಇದೆ.

ಏನ್ ಮಾಡಾಕತ್ತೀ. ಶೆಟ್ಟೆವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಾಳೆ, ಯಾವಾಗ ಬಂದಳೋ, ಕೈಯಲ್ಲಿ ಏನೂ ಇಲ್ಲ, ಖಾಲಿ ಕೈಯಲ್ಲಿ ಅತ್ತೆಯನ್ನು ನೋಡಿದ್ದೇ ಕಡಿಮೆ. ಉಣ್ಣಾಕತ್ತೇನ್ರಿ ಅತ್ತಿ. ಹಸಿವಾಗಿತ್ತ್ರಿ. ಶೆಟ್ಟೆವ್ವ ಹತ್ತಿರ ಬಂದಳು, ಕೆಳಗೆ ಕೂರಲಿಲ್ಲ, ತಾಟನ್ನು ನೋಡಿದಳು, ನಿಂತ ಫ್ಯಾನನ್ನು ನೋಡಿದಳು. ಪ್ರೇಮ್ಯಾ ಮನ್ಯಾಗಿಲ್ಲ. ಹೌದ್ರಿ. ಇವತ್ತೇನ ಆಯಿತವಾರ ಅಲ್ಲ. ಅಲ್ಲರಿ. ಅಂವಾ ಇಲ್ದ ನೀ ಯಾವತ್ತೂ ಈ ಇಂಗ್ಲೀಷ್ ಶಾವಿಗಿ ಪಾಕೀಟ ಒಡದಾಕಿ ಅಲ್ಲ. ಸಿಕ್ಕಿಬಿದ್ದೆ ಎಂಬುದೊಂದೇ ಸೌಂದರ್ಯಾಳ ತಲೆಯಲ್ಲಿ, ಎಂಥ ಮಬ್ಬು, ಎಲ್ಲ ಮುಚ್ಚಿಟ್ಟು ಪಾಕೀಟು ಒಡೆದು ಸಿಕ್ಕಿಬಿದ್ದೆ. ಡಬರಿ ಸಪ್ಪಳ ಹಿತ್ತಲಕ ಬಂತು, ನಿನ್ನ ಮಾತು ಬರಲಿಲ್ಲ, ಎಂದಳು ಶೆಟ್ಟೆವ್ವ, ಹೊಟ್ಟಿ ಜೋಡಿ ಮಾತಾಡೂದು ಬಿಟ್ಟಿಯಲ್ಲ, ಆಗ ನನಗ ತಿಳೀತು, ನಾ ಆಗಲೇ ರೋಷನಬಿಗಿ ಹೇಳೇನಿ, ಫಕ್ರುದ್ದೀನ ಗಾಡಿ ಹೊರಗ ತಗ್ಯಾಕತ್ತಾನ. ಫಕ್ರುದ್ದೀನ ರೋಷನಬಿಯ ಗಂಡ, ಬಾಡಿಗೆ ಕಾರು ಹೊಡೆಯುವವನು, ಮನೆಯಲ್ಲಿ ಈ ಹೊತ್ತಿಗೆ ಮಲಗಿರುವವನು, ಅವನನ್ನು ಎಬ್ಬಿಸಿದ್ದಾರೆ, ಹಾಗಾದರೆ ಆ ಪಿಸುಮಾತು ತನ್ನದೇ ಸುದ್ದಿ — ಬೇಡ, ಬೇಡ, ಗಾಡಿ ಬಂದರೆ ಆವತ್ತಿನ ಹಾಗೇ, ಮಷೀನು, ಪರದೆ, ತಿರುಗಿಸಿಕೊಳ್ಳುವ ಪರದೆ. ಏನೂ ಇಲ್ಲರಿ ಅತ್ತಿ, ಮಲಗೇತಿ ಅಷ್ಟ, ನೀವ್ ಸುಮ್ನ. ಶೆಟ್ಟೆವ್ವ ಈಗ ಕೂತಳು, ಮೊಣಕಾಲು ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ, ಅವಳ ಮುಖದ ಎದುರಿಗೆ ಕೂತಳು. ಆ ಸಲ ಬಿಡ್ತು ಅನಸಿ ನಿನ್ನ ಬಾಯಿ ಮುಚ್ಚಿಸಿದೆ ನಾನು. ಈ ಸಲ ನಾನ ಕೇಳಾಕತ್ತೇನಿ. ಅನ್ನು. ಬಾಯಿ ಬಿಟ್ಟು ಅನ್ನು, ಏನ್ ಆಗೂದಿಲ್ಲ ಅಂದ್ರ, ಮಾತಿನಿಂದ ಯಾ ಕೂಸೂ ಸಾಯೂದಿಲ್ಲ, ಅಷ್ಟ್ ತಿಳಿಯಾಕ ನನಗ ನಿನ್ನ ಒಂದ ಕೂಸು ಬೇಕಾತು.

ಬಾಯಿ ತೆರೆದಳು, ನಿಂಬೆಯ ಬೀಜವೊಂದು ನಾಲಿಗೆಯ ಮೇಲಿತ್ತು, ಕಹಿ, ಅದನ್ನು ಅಂಗೈಗೆ ಉಗಿದಳು. ಅಲುಗವಲ್ದ್ರಿ. ಹೇಳಿಬಿಟ್ಟಳು. ಮುಂಜಾನಿಂದ ಅಲುಗವಲ್ದ್ರಿ ಅತ್ತಿ, ಚಹಾಕ್ಕೂ ಅಲುಗಲಿಲ್ಲ, ಬೆಲ್ಲಕ್ಕೂ ಅಲುಗಲಿಲ್ಲ, ಇದಕ್ಕೂ ಅಲುಗವಲ್ದು, ನನಗ ಅಂಜಿಕಿ ಆಗಾಕತ್ತೇತಿ, ಭಾಳ ಅಂಜಿಕಿ ಆಗಾಕತ್ತೇತಿ. ಗೋಡೆ ಬೀಳಲಿಲ್ಲ. ಶೆಟ್ಟೆವ್ವ ಬಿಡ್ತು ಅನ್ನು ಎನ್ನಲಿಲ್ಲ, ಅಳಲೂ ಇಲ್ಲ, ಹೂಂ ಎಂದಳು, ಆತು, ಏಳು, ಎಂದು ಗೋಡೆ ಹಿಡಿದು ತಾನು ಮೊದಲು ಎದ್ದಳು, ಮೊಳೆಗೆ ತೂಗುಹಾಕಿದ್ದ ದವಾಖಾನೆಯ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು, ಹೊರಗೆ ಕಾರು ಹಿಂದಕ್ಕೆ ಬರುವ ಸದ್ದು, ರೋಷನಬಿ, ಹಿಂಗ ತಗೊಳ್ರಿ, ಬಾಗಲಕ ಹತ್ತಿ ನಿಲ್ಲಸ್ರಿ, ಎಂದು ಗಂಡನಿಗೆ ಕೂಗುತ್ತಿದ್ದಾಳೆ. ಏಳವ್ವಾ. ತಡೀರಿ ಅತ್ತಿ, ಒಂದ ಉಸುರು, ಒಂದ ಸಲ ನೋಡ್ತೇನಿ. ಅಲುಗಿದ್ರೂ ಹೋಗೂದ, ಅಲುಗದಿದ್ರೂ ಹೋಗೂದ, ಎಳಿ ನೋಡಕೋಂತ ಕುಂದ್ರಾಕ ಹೊತ್ತಿಲ್ಲ, ಏಳು, ಎಂದು ಶೆಟ್ಟೆವ್ವ ಬಗ್ಗಿ ಎರಡೂ ಕೈ ಚಾಚಿದಳು, ಒಂದು ಅವಳ ತೋಳಿಗೆ, ಒಂದು ತಾಟಿಗೆ — ಎಳೆ ಅಲುಗಿತು. ಅತ್ತೆಯ ಕೈ ಇನ್ನೂ ಮುಟ್ಟಿರಲಿಲ್ಲ. ಫ್ಯಾನು ನಿಂತಿದೆ, ಕೈ ಮುಟ್ಟಿರಲಿಲ್ಲ, ಆದರೆ ಅಳು ಬಂದಿತ್ತಲ್ಲ, ಬಿಕ್ಕಿದೆನೋ, ಬಿಕ್ಕಿದ್ದಕ್ಕೆ ಹೊಟ್ಟೆ ಕುಲುಕಿತೋ, ಹೊರಗೆ ಕಾರಿನ ನಡುಕಕ್ಕೆ ನೆಲ ಅದುರಿತೋ, ಮೋಸ ಹೋಗಬಾರದು, ಮುಟ್ಟಬ್ಯಾಡ್ರಿ ಅತ್ತಿ, ಮುಟ್ಟಬ್ಯಾಡ್ರಿ, ಶೆಟ್ಟೆವ್ವನೂ ನೋಡಿದ್ದಾಳೆ, ಚಾಚಿದ ಕೈ ಅಲ್ಲೇ ನಿಂತಿದೆ, ಅವಳೂ ಉಸಿರು ಬಿಡುತ್ತಿಲ್ಲ, ಹೊರಗೆ ಹಾರ್ನು ಆಯಿತು, ಇನ್ನೊಮ್ಮೆ ಆಯಿತು, ಇನ್ನೊಂದು ಸಲ ಅಲುಗಲಿ, ಒಂದೇ ಒಂದು ಸಲ, ಸೌಂದರ್ಯಾ ಉಸಿರು ಹಿಡಿದಿದ್ದಾಳೆ, ತಾಟಿನ ಅಂಚಿಗೆ ಎಳೆ, ಎಳೆಯ ತುದಿಗೆ ಕೆಂಪು ಹನಿ, ಹನಿ ಇನ್ನೂ ಬಿದ್ದಿಲ್ಲ, ಎಳೆ, ತಾಟಿನ ಅಂಚಿಗೆ ಎಳೆ